ಡೀಸೆಲ್ ಎಂಜಿನ್ನಿನ ಉಸಿರು: ಟರ್ಬೊ ಒತ್ತಡದ ದೋಷಗಳನ್ನು ಗುರುತಿಸುವ ಕ್ರಮ

(ಭಾಷಣದ ಪಾಠ)



ಪುಣೆ ನಗರಕ್ಕೆ ಹೊಂದಿಕೊಂಡಿರುವ ಖಡಕಿಯ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೂ ನಡೆದ ಯುದ್ಧದಿಂದ ಪರಿಚಿತವಾಗಿದೆ. ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ ಇದೇ ಸ್ಥಳ ಕಿರ್ಕಿ ಎನಿಸಿಕೊಂಡಿದೆ. 1869ರಲ್ಲಿ ಇಲ್ಲಿ ಮದ್ದುಗುಂಡುಗಳ ಕಾರ್ಖಾನೆ ಆರಂಭವಾಯಿತು. ಸೇನೆಯ ಬಾಂಬೆ ಎಂಜಿನಿಯರ್ ಗ್ರೂಪಿನ ಕೇಂದ್ರವೂ, ಭಾರಿ ವಾಹನಗಳನ್ನು ಬಿಚ್ಚಿ ದುರಸ್ತಿ ಮಾಡುವ 512ನೆಯ ಸೇನಾ ಕಾರ್ಯಾಗಾರವೂ ಇಲ್ಲಿಯೇ ಇವೆ. ಯಂತ್ರದ ಸದ್ದು ಖಡಕಿಗೆ ಹೊಸದಲ್ಲ.

ಕನ್ನಡಿಗರಿಗೆ ಖಡಕಿಯೊಡನೆ ಇನ್ನೊಂದು ನಂಟೂ ಉಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಜೀವನ ಆರಂಭಿಸಿ, ಕಬ್ಬಿಣದ ನೇಗಿಲನ್ನು ತಯಾರಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದರು. ಅದೇ ಮನೆತನದ ಉದ್ಯಮಗಳ ಸಾಲಿನಲ್ಲಿ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ತಲೆಯೆತ್ತಿದವು. ಬಾವಿಯಿಂದ ನೀರೆತ್ತುವ ಸಣ್ಣ ಡೀಸೆಲ್ ಎಂಜಿನ್ನುಗಳು ಖಡಕಿಯಿಂದ ಹೊರಟು ಉತ್ತರ ಕರ್ನಾಟಕದ ಹೊಲಗದ್ದೆಗಳನ್ನು ಸೇರಿದವು. ಕಪ್ಪು ಹೊಗೆ ಬಂದರೆ ಏನು, ಬಿಳಿ ಹೊಗೆ ಬಂದರೆ ಏನು ಎಂಬುದನ್ನು ಆ ಎಂಜಿನ್ನುಗಳ ಪಕ್ಕದಲ್ಲಿ ನಿಂತೇ ನಮ್ಮ ಅನೇಕ ರೈತರು ಕಲಿತರು.

ಆ ಹಳೆಯ ಒಂಟಿ ಸಿಲಿಂಡರಿನ ಪಂಪ್‌ಸೆಟ್ಟಿಗೆ ಟರ್ಬೊಚಾರ್ಜರ್ ಇರಲಿಲ್ಲ. ಇಂದಿನ ಲಾರಿ, ಬಸ್ಸು, ಕೊಳವೆಬಾವಿ ಕೊರೆಯುವ ಯಂತ್ರ, ಆಸ್ಪತ್ರೆಯ ದೊಡ್ಡ ಜನರೇಟರ್, ಕಬ್ಬು ಕಟಾವು ಯಂತ್ರ ಇವುಗಳಲ್ಲಿ ಅದು ಸಾಮಾನ್ಯ ಅಂಗವಾಗಿದೆ. ಅಂಗ ಹೊಸದಾದಂತೆ ಅದರ ಬೇನೆಗಳೂ ಹೊಸವು. ಬೇನೆಯನ್ನು ಸರಿಯಾಗಿ ಗುರುತಿಸದೆ ಕೊಡುವ ಔಷಧಿ ಯಂತ್ರಕ್ಕೂ ಅದರ ಒಡೆಯನಿಗೂ ಹಾನಿಕರ. ಆದುದರಿಂದ ದೋಷವನ್ನು ಗುರುತಿಸುವ ಕ್ರಮವನ್ನು ವಿವರಿಸುವುದೇ ಈ ಭಾಷಣದ ಉದ್ದೇಶವಾಗಿದೆ.

ಟರ್ಬೊ ಎಂದರೇನು?

ಡೀಸೆಲ್ ಉರಿಯಬೇಕಾದರೆ ಗಾಳಿ ಬೇಕು. ಒಂದು ಲೀಟರ್ ಡೀಸೆಲ್ ಸಂಪೂರ್ಣವಾಗಿ ದಹಿಸಲು ಕನಿಷ್ಠ ಹನ್ನೆರಡು ಕಿಲೋಗ್ರಾಂನಷ್ಟು, ಅಂದರೆ ಸುಮಾರು ಹತ್ತು ಸಾವಿರ ಲೀಟರಿನಷ್ಟು ಗಾಳಿ ಅವಶ್ಯಕ. ಎಂಜಿನ್ ತಾನಾಗಿಯೇ ಎಳೆದುಕೊಳ್ಳುವ ಗಾಳಿಗೆ ಒಂದು ಮಿತಿಯುಂಟು. ಆ ಮಿತಿಯೇ ಶಕ್ತಿಯ ಮಿತಿಯೂ ಹೌದು. ಹೊಗೆಕೊಳವೆಯಿಂದ ವ್ಯರ್ಥವಾಗಿ ಹೊರಹೋಗುವ ಬಿಸಿ ಅನಿಲದ ಶಕ್ತಿಯನ್ನೇ ಬಳಸಿ ಹೆಚ್ಚಿನ ಗಾಳಿಯನ್ನು ಒಳಕ್ಕೆ ಒತ್ತಬಹುದೆಂಬ ವಿಚಾರಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದನು. ಇಪ್ಪತ್ತು ವರ್ಷಗಳ ತರುವಾಯ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳಲ್ಲಿ ಈ ಸಾಧನವನ್ನು ಅಳವಡಿಸಿದಾಗ ಎಂಜಿನ್ನಿನ ಸಾಮರ್ಥ್ಯ 1,750 ಅಶ್ವಶಕ್ತಿಯಿಂದ 2,500 ಅಶ್ವಶಕ್ತಿಗೆ ಏರಿತು.

ಟರ್ಬೊಚಾರ್ಜರಿನಲ್ಲಿ ಒಂದೇ ದಂಡದ ಎರಡು ತುದಿಗಳಿಗೆ ಎರಡು ಚಕ್ರಗಳಿರುತ್ತವೆ. ಹೊರಹೋಗುವ ಬಿಸಿ ಅನಿಲ ಒಂದು ಚಕ್ರವನ್ನು ತಿರುಗಿಸುತ್ತದೆ, ಇದು ಟರ್ಬೈನ್. ಅದರೊಡನೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ, ಇದು ಕಂಪ್ರೆಸರ್. ವಾಹನಗಳ ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳಿಗೂ ಮೀರಿ ತಿರುಗಬಲ್ಲದು. ಅಷ್ಟು ವೇಗದ ದಂಡವನ್ನು ಹೊತ್ತಿರುವುದು ತೆಳುವಾದ ಎಣ್ಣೆಯ ಪದರ ಮಾತ್ರ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ಇಂಟರ್‌ಕೂಲರಿನಲ್ಲಿ ತಂಪುಗೊಳಿಸಿ ಎಂಜಿನ್ನಿಗೆ ಕಳುಹಿಸಲಾಗುತ್ತದೆ.

ಒತ್ತಡ ಮಿತಿಮೀರಿದರೆ ಎಂಜಿನ್ ಒಡೆಯುತ್ತದೆ. ಆದ್ದರಿಂದ ನಿಯಂತ್ರಣ ಬೇಕು. ಸರಳ ವ್ಯವಸ್ಥೆಯಲ್ಲಿ ವೇಸ್ಟ್‌ಗೇಟ್ ಎಂಬ ಸಣ್ಣ ಬಾಗಿಲು ಇರುತ್ತದೆ. ಒತ್ತಡ ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದಾಗ, ಆಕ್ಚುಯೇಟರಿನ ಒಳಗಿರುವ ರಬ್ಬರ್ ಪೊರೆ ಉಬ್ಬಿ, ಸರಳೊಂದನ್ನು ತಳ್ಳಿ ಆ ಬಾಗಿಲನ್ನು ತೆರೆಯುತ್ತದೆ. ಸ್ವಲ್ಪ ಅನಿಲ ಟರ್ಬೈನನ್ನು ಮುಟ್ಟದೆ ಪಕ್ಕದಿಂದ ಹೊರಟುಹೋಗುತ್ತದೆ. ಕೆರೆ ತುಂಬಿದಾಗ ಕೋಡಿ ಹರಿಯುವುದಕ್ಕೆ ಇದನ್ನು ಹೋಲಿಸಬಹುದು. ಇನ್ನೊಂದು ವ್ಯವಸ್ಥೆಯಲ್ಲಿ ಟರ್ಬೈನಿನ ಸುತ್ತ ತಿರುಗುವ ಎಸಳುಗಳಿದ್ದು, ಅವು ಅನಿಲದ ದಾರಿಯನ್ನು ಕಿರಿದುಗೊಳಿಸಿ ಅಥವಾ ಅಗಲಗೊಳಿಸಿ ಒತ್ತಡವನ್ನು ನಿಯಂತ್ರಿಸುತ್ತವೆ.

ಒಂದು ಪ್ರಸಂಗ

ಲಾರಿಯೊಂದು ಪುಣೆಯಲ್ಲಿ ಸರಕು ತುಂಬಿಕೊಂಡು ಹುಬ್ಬಳ್ಳಿಗೆ ಹೊರಟಿದೆಯೆಂದು ಭಾವಿಸೋಣ. ಸಪಾಟು ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಖಂಬಾಟಕಿ ಘಾಟಿನ ಏರು ಬಂದೊಡನೆ ಎಳೆತ ಕುಗ್ಗುತ್ತದೆ. ಹಿಂದೆ ಕಪ್ಪು ಹೊಗೆಯ ಮೋಡ ಏಳುತ್ತದೆ. ಚಾಲಕನು ಕಷ್ಟಪಟ್ಟು ಘಾಟು ದಾಟಿ ರಸ್ತೆ ಬದಿಯ ಗ್ಯಾರೇಜಿನಲ್ಲಿ ನಿಲ್ಲಿಸುತ್ತಾನೆ. ಅಲ್ಲಿ ಎಂಜಿನ್ ನಿಂತಲ್ಲೇ ಚಾಲೂ ಮಾಡಿ ನೋಡಿದಾಗ ಯಾವ ಸೋರಿಕೆಯೂ ಕಾಣುವುದಿಲ್ಲ. "ಟರ್ಬೊ ಹೋಗಿದೆ, ಬದಲಾಯಿಸಿಬಿಡಿ" ಎಂಬ ತೀರ್ಪು ಬರುತ್ತದೆ. ಸಾಲ ಮಾಡಿ ಹೊಸ ಟರ್ಬೊ ಹಾಕಿಸಲಾಗುತ್ತದೆ. ಮುಂದಿನ ಘಾಟಿನಲ್ಲಿ ಮತ್ತೆ ಅದೇ ಹೊಗೆ, ಅದೇ ಕುಂಟು ನಡೆ.

ಕೊನೆಗೆ ದೊರೆಯುವ ದೋಷ ಯಾವುದು? ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನಲ್ಲಿ, ಕ್ಲಾಂಪಿನ ಅಡಿಯಲ್ಲಿ ಅಡಗಿದ್ದ ಬೆರಳುದ್ದದ ಬಿರುಕು. ಎಂಜಿನ್ ಹಗುರಾಗಿ ನಡೆಯುವಾಗ ಅದು ಮುಚ್ಚಿಕೊಂಡಿರುತ್ತದೆ. ಭಾರ ಬಿದ್ದು ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಹೋಸಿನ ಬೆಲೆ ಟರ್ಬೊವಿನ ಬೆಲೆಯ ಸಣ್ಣದೊಂದು ಅಂಶ. ಚಾಲಕ-ಮಾಲೀಕನು ಕಳೆದುಕೊಂಡದ್ದು ಹಲವು ದಿನಗಳ ದುಡಿಮೆ ಮತ್ತು ಮುಂದಿನ ಹಲವು ತಿಂಗಳುಗಳ ಕಂತು. ಪರೀಕ್ಷೆಯ ಕ್ರಮ ತಪ್ಪಿದ್ದೇ ಇದಕ್ಕೆ ಕಾರಣ.

ಮೊದಲ ಪ್ರಶ್ನೆ: ಹೊಗೆ ಇದೆಯೇ, ಇಲ್ಲವೇ?

ವೈದ್ಯನು ಮೊದಲು ರೋಗಿಯ ಮಾತನ್ನು ಕೇಳುವಂತೆ ಕುಶಲ ಮೆಕ್ಯಾನಿಕನು ಚಾಲಕನ ಮಾತನ್ನು ಕೇಳುತ್ತಾನೆ. ತೊಂದರೆ ಒಮ್ಮೆಲೇ ಬಂದಿತೇ, ದಿನೇ ದಿನೇ ಹೆಚ್ಚಿತೇ? ಏರಿನಲ್ಲಿ ಮಾತ್ರವೋ, ಎಲ್ಲೆಡೆಯೋ? ಈಚೆಗೆ ಯಾವುದಾದರೂ ದುರಸ್ತಿ ನಡೆದಿತ್ತೇ? ಶಿಳ್ಳೆಯಂತಹ ಅಥವಾ ಬುಸ್ಸೆನ್ನುವ ಹೊಸ ಸದ್ದು ಕೇಳುತ್ತಿದೆಯೇ? ಒಮ್ಮೆಲೇ ಬಂದ ತೊಂದರೆ ಹೋಸ್ ಕಳಚಿರುವುದನ್ನೋ ಹರಿದಿರುವುದನ್ನೋ ಸೂಚಿಸಬಹುದು. ನಿಧಾನವಾಗಿ ಬೆಳೆದ ತೊಂದರೆ ಫಿಲ್ಟರು ಕಟ್ಟಿಕೊಳ್ಳುತ್ತಿರುವುದರ ಸೂಚನೆಯಾಗಿರಬಹುದು.

ಅನಂತರ ಹೊಗೆಯ ವಿಚಾರ. ಶಕ್ತಿ ಕುಗ್ಗಿ ಕಪ್ಪು ಹೊಗೆಯೂ ಬರುತ್ತಿದ್ದರೆ ಇಂಧನ ಹೋಗುತ್ತಿದೆ, ಗಾಳಿ ಸಾಲದು ಎಂದರ್ಥ. ಶಕ್ತಿ ಕುಗ್ಗಿದ್ದರೂ ಹೊಗೆಯಿಲ್ಲದಿದ್ದರೆ ಇಂಧನವೇ ಸಾಲದಿರಬಹುದು. ಈ ಎರಡನೆಯ ಸ್ಥಿತಿಯಲ್ಲಿ ಟರ್ಬೊ ಒತ್ತಡವೂ ಕಡಮೆಯೇ ಇರುತ್ತದೆ. ಏಕೆಂದರೆ ಟರ್ಬೊ ಬದುಕುವುದು ಹೊರಹೋಗುವ ಅನಿಲದ ಬಲದಿಂದ. ಉರಿ ಕಡಮೆಯಾದರೆ ಅನಿಲದ ಬಲವೂ ಕಡಮೆ. ಹೀಗಿರುವಾಗ ಒತ್ತಡದ ಮಾಪಕವನ್ನಷ್ಟೇ ನೋಡಿ ಟರ್ಬೊವನ್ನು ದೂಷಿಸುವುದು, ಹಸಿದ ಎತ್ತನ್ನು ಸೋಮಾರಿ ಎಂದಂತೆ. ಇಂತಹ ಪ್ರಸಂಗದಲ್ಲಿ ಡೀಸೆಲ್ ಫಿಲ್ಟರು, ಇಂಧನದ ಕೊಳವೆ ಮತ್ತು ಪಂಪುಗಳನ್ನು ಮೊದಲು ಪರೀಕ್ಷಿಸಬೇಕು. ಇಲೆಕ್ಟ್ರಾನಿಕ್ ನಿಯಂತ್ರಣವಿರುವ ಎಂಜಿನ್ನು ಗಾಳಿ ಕಡಮೆಯಾದುದನ್ನು ತಿಳಿದು ತಾನೇ ಇಂಧನವನ್ನು ಇಳಿಸುವುದರಿಂದ, ಮತ್ತು ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರು ಇರುವುದರಿಂದ, ಹೊಸ ವಾಹನಗಳಲ್ಲಿ ಹೊಗೆಯ ಸಾಕ್ಷ್ಯ ಅಷ್ಟು ಸ್ಪಷ್ಟವಾಗಿರುವುದಿಲ್ಲ.

ಹಳೆಯ ಮಾದರಿಯ ಅನೇಕ ಇಂಧನ ಪಂಪುಗಳಲ್ಲಿ ಇನ್ನೊಂದು ಗುಟ್ಟಿದೆ. ಎಂಜಿನ್ನಿನ ಗಾಳಿಕೊಳವೆಯಿಂದ ಪಂಪಿಗೆ ಒಂದು ಸಣ್ಣ ನಳಿಕೆ ಹೋಗಿರುತ್ತದೆ. ಗಾಳಿಯ ಒತ್ತಡ ಬಂದಿದೆಯೆಂಬ ಸುದ್ದಿ ಆ ನಳಿಕೆಯ ಮೂಲಕ ತಲುಪಿದ ಮೇಲೆಯೇ ಪಂಪು ಪೂರ್ಣ ಇಂಧನ ನೀಡುತ್ತದೆ. ನಳಿಕೆ ಮುರಿದಿದ್ದರೆ ಅಥವಾ ಪಂಪಿನ ಪೊರೆ ಹರಿದಿದ್ದರೆ, ಟರ್ಬೊ ನೆಟ್ಟಗಿದ್ದರೂ ಲಾರಿ ಏರು ಹತ್ತುವುದಿಲ್ಲ, ಹೊಗೆಯೂ ಇರುವುದಿಲ್ಲ.

ಪರೀಕ್ಷೆಯ ಮೆಟ್ಟಿಲುಗಳು

ಸುಲಭವಾದುದು, ಖರ್ಚಿಲ್ಲದುದು ಮೊದಲು. ಕಠಿಣವಾದುದು, ದುಬಾರಿಯಾದುದು ಕೊನೆಗೆ. ಇದೇ ಮೂಲ ಸೂತ್ರ.

ಒಂದು, ಏರ್ ಫಿಲ್ಟರ್. ಧೂಳು ಕಟ್ಟಿದ ಫಿಲ್ಟರು ಎಂಜಿನ್ನಿನ ಮೂಗು ಮುಚ್ಚಿದಂತೆ. ಅನೇಕ ಭಾರಿ ಎಂಜಿನ್ನುಗಳಲ್ಲಿ ಫಿಲ್ಟರಿನ ತಡೆ ಸುಮಾರು 25 ಅಂಗುಲ ನೀರಿನ ಮಟ್ಟವನ್ನು, ಅಂದರೆ ಸುಮಾರು 6 ಕಿಲೋಪ್ಯಾಸ್ಕಲನ್ನು, ಮುಟ್ಟಿದರೆ ಅದನ್ನು ಬದಲಾಯಿಸಬೇಕು. ಸೂಚಕದಲ್ಲಿ ಕೆಂಪು ಪಟ್ಟಿ ಕಂಡರೆ ಅದೇ ಎಚ್ಚರಿಕೆ.

ಎರಡು, ಒತ್ತಿದ ಗಾಳಿಯ ದಾರಿ. ಕಂಪ್ರೆಸರಿನಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಪ್ರತಿಯೊಂದು ಹೋಸು, ಪ್ರತಿಯೊಂದು ಕ್ಲಾಂಪು ಪರೀಕ್ಷೆಗೆ ಅರ್ಹ. ಕ್ಲಾಂಪನ್ನು ಸಡಿಲಿಸಿ ಅಡಿಯಲ್ಲಿಯೂ ನೋಡಬೇಕು. ಸೋರಿಕೆ ಇರುವಲ್ಲಿ ಎಣ್ಣೆ ಮಿಶ್ರಿತ ಧೂಳಿನ ಗೆರೆ ಕಾಣಿಸುವುದುಂಟು. ಎಂಜಿನ್ ನಿಲ್ಲಿಸಿ, ಎರಡೂ ತುದಿಗಳನ್ನು ಭದ್ರವಾಗಿ ಮುಚ್ಚಿ, ತಯಾರಕರು ಸೂಚಿಸಿದ ಒತ್ತಡವನ್ನು ಮೀರದಂತೆ ಗಾಳಿ ತುಂಬಿ, ಸಾಬೂನು ನೀರು ಸವರಿದರೆ ಗುಳ್ಳೆಗಳೇ ದೋಷದ ಸ್ಥಳವನ್ನು ತೋರಿಸುತ್ತವೆ. ಮುಚ್ಚಳ ಸಡಿಲವಾಗಿದ್ದರೆ ಗುಂಡಿನಂತೆ ಹಾರಬಲ್ಲದಾದ್ದರಿಂದ ಯಾರೂ ಅದರ ಎದುರಿಗೆ ನಿಲ್ಲಬಾರದು.

ಮೂರು, ಬಿಸಿ ಅನಿಲದ ದಾರಿ. ಎಂಜಿನ್ನಿಗೂ ಟರ್ಬೈನಿಗೂ ನಡುವೆ ಗ್ಯಾಸ್ಕೆಟ್ ಸುಟ್ಟಿದ್ದರೆ ಅಥವಾ ಕೊಳವೆ ಸೀಳಿದ್ದರೆ ಟರ್ಬೈನಿಗೆ ತಲುಪಬೇಕಾದ ಬಲ ನಡುದಾರಿಯಲ್ಲೇ ಸೋರುತ್ತದೆ. ಅಲ್ಲಿ ಮಸಿಯ ಗುರುತು ಉಳಿದಿರುತ್ತದೆ. ಟರ್ಬೈನಿನ ಮುಂದಿನ ದಾರಿ, ಅಂದರೆ ಸೈಲೆನ್ಸರ್ ಅಥವಾ ಮಸಿ ಹಿಡಿಯುವ ಫಿಲ್ಟರು ಕಟ್ಟಿಕೊಂಡಿದ್ದರೂ ಒತ್ತಡ ಏರುವುದಿಲ್ಲ.

ನಾಲ್ಕು, ನಿಯಂತ್ರಣದ ಅಂಗಗಳು. ವೇಸ್ಟ್‌ಗೇಟಿನ ಬಾಗಿಲು ತೆರೆದೇ ಉಳಿದಿದ್ದರೆ ಒತ್ತಡ ಕಡಮೆ; ಮುಚ್ಚಿಯೇ ಉಳಿದಿದ್ದರೆ ಒತ್ತಡ ಅತಿ. ಗಾಳಿಯ ಒತ್ತಡದಿಂದ ತೆರೆಯುವ ಮಾದರಿಯಲ್ಲಿ ಆಕ್ಚುಯೇಟರಿನ ಪೊರೆ ಹರಿದರೆ ಅಥವಾ ಅದಕ್ಕೆ ಸುದ್ದಿ ತರುವ ನಳಿಕೆ ಕಳಚಿದರೆ ಬಾಗಿಲು ತೆರೆಯುವುದೇ ಇಲ್ಲ, ಒತ್ತಡ ಮಿತಿಮೀರುತ್ತದೆ. ಎಸಳುಗಳಿರುವ ಟರ್ಬೊವಿನಲ್ಲಿ ಮಸಿ ಮೆತ್ತಿಕೊಂಡು ಎಸಳುಗಳು ಕಿರಿದಾದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಒತ್ತಡ ಅತಿ, ಅಗಲವಾದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಒತ್ತಡ ಕಡಮೆ. ಕೈಪಂಪು ಮತ್ತು ಮಾಪಕವನ್ನು ಜೋಡಿಸಿ, ಸರಳು ಯಾವ ಒತ್ತಡದಲ್ಲಿ ಚಲಿಸತೊಡಗುತ್ತದೆ, ಒತ್ತಡ ಹಾಗೆಯೇ ನಿಲ್ಲುತ್ತದೆಯೇ ಎಂದು ನೋಡಿ, ಕೈಪಿಡಿಯ ಅಂಕಿಗೆ ಹೋಲಿಸಬೇಕು. ಹೆಚ್ಚು ಎಳೆತ ಸಿಗಲೆಂದು ಆ ಸರಳನ್ನು ತಂತಿಯಿಂದ ಬಿಗಿಯುವ ಅಥವಾ ಗಿಡ್ಡ ಮಾಡುವ ಕೆಟ್ಟ ಅಭ್ಯಾಸ ಕೆಲವೆಡೆ ಇದೆ. ಇದು ಕೆರೆಯ ಕೋಡಿಯನ್ನು ಕಟ್ಟಿಹಾಕಿದಂತೆ. ಒಡ್ಡು ಒಡೆಯುವ ದಿನ ದೂರವಿರುವುದಿಲ್ಲ.

ಐದು, ಸೆನ್ಸರುಗಳು. ಇಲೆಕ್ಟ್ರಾನಿಕ್ ಎಂಜಿನ್ನಿನಲ್ಲಿ ಒತ್ತಡವನ್ನು ಅಳೆದು ಹೇಳುವುದು ಒಂದು ಸಣ್ಣ ಸೆನ್ಸರ್. ಅದೇ ಸುಳ್ಳು ಹೇಳಿದರೆ ಇಡೀ ವ್ಯವಸ್ಥೆ ದಾರಿತಪ್ಪುತ್ತದೆ. ಅದನ್ನು ಪರೀಕ್ಷಿಸುವ ವಿಧಾನ ಸುಲಭ. ಎಂಜಿನ್ ನಿಂತಿರುವಾಗ ಕೀಲಿಯನ್ನು ಮಾತ್ರ ತಿರುಗಿಸಿ ಸ್ಕ್ಯಾನರಿನಲ್ಲಿ ಅಂಕಿಯನ್ನು ನೋಡಬೇಕು. ಆಗ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು: ಸಮುದ್ರಮಟ್ಟದ ಮಂಗಳೂರಿನಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್, ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಸುಮಾರು 95, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಖಡಕಿಯಲ್ಲಿ ನಿಂತ ವಾಹನ 120 ಎಂದು ತೋರಿಸಿದರೆ ದೋಷ ಸೆನ್ಸರಿನಲ್ಲಿ ಅಥವಾ ಅದರ ತಂತಿಯಲ್ಲಿ ಇದೆಯೇ ಹೊರತು ಟರ್ಬೊವಿನಲ್ಲಿ ಅಲ್ಲ. ಇದಕ್ಕೆ ತಗಲುವ ಸಮಯ ಒಂದು ನಿಮಿಷ.

ಆರು, ಭಾರದ ಮೇಲಿನ ಪರೀಕ್ಷೆ. ನಿಂತಲ್ಲೇ ಎಂಜಿನ್ನಿನ ವೇಗ ಹೆಚ್ಚಿಸಿ ಒತ್ತಡ ನೋಡುವುದರಿಂದ ಪ್ರಯೋಜನ ಅಲ್ಪ. ಟರ್ಬೊ ತನ್ನ ನಿಜವಾದ ಕೆಲಸ ಮಾಡುವುದು ಭಾರ ಬಿದ್ದಾಗ. ಮಾಪಕವನ್ನು ಜೋಡಿಸಿ, ಸರಕು ಸಹಿತ ಏರಿನಲ್ಲಿ ಓಡಿಸಿ ಅಥವಾ ಜನರೇಟರಿಗೆ ಪೂರ್ಣ ವಿದ್ಯುತ್ ಭಾರ ಕೊಟ್ಟು ಅಂಕಿಯನ್ನು ಗುರುತಿಸಬೇಕು. ಮೇಲೆ ಹೇಳಿದ ಲಾರಿಯ ವಿಷಯದಲ್ಲಿ ಬಿಟ್ಟುಹೋದದ್ದು ಈ ಪರೀಕ್ಷೆಯೇ.

ಕೊನೆಯ ಮೆಟ್ಟಿಲು: ಟರ್ಬೊ

ಇವೆಲ್ಲ ಸರಿಯಿದ್ದಾಗ ಮಾತ್ರ ಟರ್ಬೊವನ್ನು ಬಿಚ್ಚಿ ನೋಡಬೇಕು. ಎಂಜಿನ್ ನಿಂತು ತಣ್ಣಗಾದ ಮೇಲೆ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಅದು ಸಲೀಸಾಗಿ ತಿರುಗಬೇಕು. ಎಲ್ಲಿಯೂ ಗೋಡೆಗೆ ತಾಗಬಾರದು. ಎಣ್ಣೆಯ ಪದರಕ್ಕೆ ಜಾಗ ಬೇಕಾದ್ದರಿಂದ ಪಕ್ಕದಿಂದ ಪಕ್ಕಕ್ಕೆ ತುಸು ಅಲುಗಾಟ ಸಹಜ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಎಸಳುಗಳ ಅಂಚು ಮುರಿದಿದ್ದರೆ, ಬಾಗಿದ್ದರೆ ಹೊರಗಿನ ವಸ್ತು ಒಳಹೋಗಿದೆಯೆಂದರ್ಥ.

ಟರ್ಬೊ ಕೆಟ್ಟಿರುವುದು ನಿಜವೇ ಆದರೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅದು ಏಕೆ ಕೆಟ್ಟಿತೆಂಬುದನ್ನು ಕಂಡುಹಿಡಿಯದೆ ಹೊಸದನ್ನು ಕೂರಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಎಣ್ಣೆ ತರುವ ಕೊಳವೆ ಕಟ್ಟಿದೆಯೇ? ಎಣ್ಣೆ ಇಳಿದುಹೋಗುವ ಕೊಳವೆ ಬಾಗಿದೆಯೇ? ಎಣ್ಣೆಯನ್ನು ಸಕಾಲದಲ್ಲಿ ಬದಲಾಯಿಸಲಾಗಿದೆಯೇ? ಹಳೆಯ ಚಕ್ರದ ಚೂರುಗಳು ಇಂಟರ್‌ಕೂಲರಿನಲ್ಲಿ ಉಳಿದಿವೆಯೇ? ಇವುಗಳಿಗೆ ಉತ್ತರ ದೊರೆತ ಮೇಲೆ, ಹೊಸ ಟರ್ಬೊವಿಗೆ ಮೊದಲೇ ಶುದ್ಧ ಎಣ್ಣೆ ಹಾಕಿ ಎಂಜಿನ್ ಚಾಲೂ ಮಾಡಬೇಕು.

ಜೀವರಕ್ಷಣೆಯ ಎರಡು ಮಾತುಗಳನ್ನು ಇಲ್ಲಿ ಹೇಳಲೇಬೇಕು. ಫಿಲ್ಟರಿನ ಕೊಳವೆ ಬಿಚ್ಚಿ ಎಂಜಿನ್ ನಡೆಸಿ ಟರ್ಬೊವಿನ ಬಾಯಿಯ ಬಳಿ ಕೈಯನ್ನಾಗಲಿ, ಬಟ್ಟೆಯನ್ನಾಗಲಿ ಒಯ್ಯಬಾರದು. ಎರಡನೆಯದಾಗಿ, ಟರ್ಬೊವಿನ ಎಣ್ಣೆಯೇ ಸೋರಿ ಎಂಜಿನ್ನಿನೊಳಗೆ ಹೋದರೆ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಉರಿಸುತ್ತಾ, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ, ಹುಚ್ಚು ವೇಗದಲ್ಲಿ ಓಡಬಹುದು. ದಟ್ಟವಾದ ನೀಲಿ ಹೊಗೆ ಇದರ ಮುನ್ಸೂಚನೆ. ಅಂತಹ ಎಂಜಿನ್ನನ್ನು ಪರೀಕ್ಷೆಗೆಂದು ಕೂಡ ಮತ್ತೆ ಚಾಲೂ ಮಾಡಬಾರದು.

ರೂಢಿಗಳು, ಹೊಣೆಗಾರಿಕೆ

ಟರ್ಬೊವಿನ ಆಯುಸ್ಸು ಬಹಳ ಮಟ್ಟಿಗೆ ಚಾಲಕನ ಕೈಯಲ್ಲಿದೆ. ಎಂಜಿನ್ ಹತ್ತಿದೊಡನೆ ಎಣ್ಣೆ ಮೇಲೇರುವ ಮುನ್ನವೇ ವೇಗವನ್ನು ಹೆಚ್ಚಿಸಬಾರದು. ಭಾರ ಎಳೆದು ಬಂದ ಎಂಜಿನ್ನನ್ನು ಒಮ್ಮೆಲೇ ನಿಲ್ಲಿಸದೆ ಎರಡು ಮೂರು ನಿಮಿಷ ಹಗುರಾಗಿ ನಡೆಯಗೊಡಬೇಕು. ಹಾಗಲ್ಲದಿದ್ದರೆ ಕೆಂಡದಂತೆ ಕಾದ ದಂಡದ ಸುತ್ತ ಎಣ್ಣೆ ನಿಂತು, ಕರಿಕಾಗಿ ಗಟ್ಟಿಯಾಗುತ್ತದೆ.

ಎತ್ತರದ ಪ್ರದೇಶದಲ್ಲಿ ಈ ವಿಚಾರ ಇನ್ನಷ್ಟು ಗಂಭೀರವಾಗುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹದಲ್ಲಿ ವಾತಾವರಣದ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡಂಶದಷ್ಟು ಮಾತ್ರ. ಅಲ್ಲಿ ಟರ್ಬೊ ಹೆಚ್ಚು ವೇಗದಲ್ಲಿ ತಿರುಗಿ ಗಾಳಿಯ ಕೊರತೆಯನ್ನು ತುಂಬಬೇಕಾಗುತ್ತದೆ. ಬಯಲಿನಲ್ಲಿ ತಿಳಿಯದೆ ಹೋದ ಸಣ್ಣ ಸೋರಿಕೆ ಅಲ್ಲಿ ಸೈನಿಕರಿಗೆ ಆಹಾರ ಒಯ್ಯುವ ಲಾರಿಯನ್ನು ನಿಲ್ಲಿಸಬಲ್ಲದು. ವಿದ್ಯುತ್ ಹೋದ ರಾತ್ರಿ ಆಸ್ಪತ್ರೆಯ ಜನರೇಟರು ಭಾರ ಹೊರಲಾರದೆ ನಿಂತರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಇದು ಊರಿನವರೆಲ್ಲ ಉಸಿರಾಡುವ ಗಾಳಿಯ ಪ್ರಶ್ನೆಯೂ ಹೌದು. ವಾಹನಗಳಿಗೆ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರನೆಯ ಮಾನದಂಡ, ಜನರೇಟರುಗಳಿಗೆ 2023ರ ಜುಲೈ 1ರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಸ ಮಾನದಂಡ ಜಾರಿಗೆ ಬಂದಿವೆ. ಮಾನದಂಡ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಹರಿದ ಒಂದು ಹೋಸು, ಕಟ್ಟಿದ ಒಂದು ಫಿಲ್ಟರು ಅದರ ಫಲವನ್ನು ಹಾಳುಮಾಡಬಲ್ಲವು. ಹಳೆಯ ಎಂಜಿನ್ನಿನಿಂದ ಹೊರಟ ಮಸಿ ಮೊದಲು ಸೇರುವುದು ಗ್ಯಾರೇಜಿನ ಹುಡುಗನ ಶ್ವಾಸಕೋಶವನ್ನು, ಅನಂತರ ರಸ್ತೆ ಬದಿಯ ಶಾಲೆಯ ಮಕ್ಕಳ ಶ್ವಾಸಕೋಶವನ್ನು.

ಖಡಕಿಯಿಂದ ಬಂದ ಎಂಜಿನ್ನಿನ ಪಕ್ಕದಲ್ಲಿ ನಿಂತು ಹೊಗೆಯ ಬಣ್ಣ ನೋಡಿ, ಸದ್ದು ಕೇಳಿ ದೋಷವನ್ನು ಗುರುತಿಸುತ್ತಿದ್ದ ರೈತನಿಗೆ ಸ್ಕ್ಯಾನರ್ ಇರಲಿಲ್ಲ; ನೋಡುವ ಕಣ್ಣು, ಕೇಳುವ ಕಿವಿ, ಕಾಯುವ ತಾಳ್ಮೆ ಇದ್ದವು. ಇಂದಿನ ಐ.ಟಿ.ಐ.ಗಳಲ್ಲಿ ಕಲಿಯುತ್ತಿರುವ ಯುವಕ ಯುವತಿಯರ ಕೈಯಲ್ಲಿ ಉಪಕರಣಗಳಿವೆ. ಅವುಗಳೊಡನೆ ಆ ತಾಳ್ಮೆಯೂ ಕೂಡಿಬಂದರೆ, ಏರಿನಲ್ಲಿ ನಿಂತ ಲಾರಿಯ ಚಾಲಕನು ಹೋಸಿನ ಬಿರುಕಿಗಾಗಿ ಟರ್ಬೊವಿನ ಬೆಲೆ ತೆರಬೇಕಾಗುವುದಿಲ್ಲ. ಮೊದಲು ಕೇಳಿ, ಆಮೇಲೆ ನೋಡಿ, ಅನಂತರ ಅಳೆದು, ಎಲ್ಲಕ್ಕಿಂತ ಕೊನೆಗೆ ಬಿಚ್ಚುವುದು: ಈ ಕ್ರಮವನ್ನು ಪಾಲಿಸುವ ಮೆಕ್ಯಾನಿಕನು ಗಿರಾಕಿಯ ಹಣವನ್ನೂ ದೇಶದ ಇಂಧನವನ್ನೂ ಉಳಿಸುತ್ತಾನೆ.